ಕಾಲು ಜಾರಿದವರು

ಹೊನ್ನೇರು ಟಿವಿಯಲ್ಲಿ ಸಂಜೆ ಏಳರ ವಾರ್ತೆ ಓದುವ ಭಾಗ್ಯಲಕ್ಷ್ಮಿಯ ಅಪ್ಪ ಕರಿಸಿದ್ದಯ್ಯನೂ ಸುದ್ದಿ ಹೇಳುವವನೇ ಆಗಿದ್ದ. ಅವನದು ಸಾವಿನ ಸುದ್ದಿ.

ಮಳವಳ್ಳಿ ಕಡೆಯ ಅವರ ಊರಿನಲ್ಲಿ ಮೇಲಿನ ಬೀದಿಯವರ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಕೇರಿಗೆ ಕರೆ ಬರುತ್ತಿತ್ತು. ಕರಿಸಿದ್ದಯ್ಯ ಉಣ್ಣುತ್ತಿದ್ದರೆ ತಟ್ಟೆ ಬಿಟ್ಟು ಏಳಬೇಕು. ಹೋಗಿ ಜಗಲಿಯ ಕೆಳಗೆ ನಿಲ್ಲಬೇಕು. ಯಾವ ಯಾವ ಊರಿಗೆ ತಿಳಿಸಬೇಕು ಎಂದು ಯಜಮಾನರು ಹೇಳುತ್ತಿದ್ದರು. ಹೆಣ್ಣು ಕೊಟ್ಟ ಊರು, ಹೆಣ್ಣು ತಂದ ಊರು, ದಾಯಾದಿಗಳ ಊರು. ಹೊರಡುವ ಮುಂಚೆ ಕರಿಸಿದ್ದಯ್ಯ ಒಂದು ಮಾತು ಕೇಳುತ್ತಿದ್ದ: 'ವಸಿ ಮೊಕ ನೋಡ್ಬುಟ್ಟು ಓಯ್ತೀನಿ ಬುದ್ದಿ.' ಹೆಣದ ಮುಖ ನೋಡದೆ ಸುದ್ದಿ ಒಯ್ಯಬಾರದು ಎಂಬುದು ಆ ಕೆಲಸದ ಕಟ್ಟಳೆ. ತಲೆಬಾಗಿಲಿನ ಆಚೆಯೇ ನಿಂತು, ಕತ್ತು ಉದ್ದ ಮಾಡಿ ನೋಡುತ್ತಿದ್ದ. ಆಮೇಲೆ ನಡಿಗೆ. ಹತ್ತು ಮೈಲಿಯೋ ಹದಿನೈದು ಮೈಲಿಯೋ. ಆ ಊರು ತಲುಪಿ, ಹೆಗಲ ಮೇಲಿನ ಟವಲನ್ನು ಕಂಕುಳಿಗೆ ಇಳಿಸಿಕೊಂಡು, ಅಂಗಳದ ಆಚೆ ನಿಂತು ಕೂಗಿ ಹೇಳಬೇಕು. ಯಾರು ಸತ್ತರು, ಹೇಗೆ ಸತ್ತರು, ಮಣ್ಣು ಯಾವಾಗ. ಒಳಗೆ ಗೋಳು ಏಳುತ್ತಿತ್ತು. ಆ ಗೋಳಿನ ನಡುವೆ ಯಾರಿಗಾದರೂ ನೆನಪಾದರೆ ಕೊಟ್ಟಿಗೆಯ ಮುಂದೆ ಒಂದು ಎಲೆ ಹಾಕಿ ಮುದ್ದೆ ಇಡುತ್ತಿದ್ದರು. ನೀರನ್ನು ಮೇಲಿಂದ ಬೊಗಸೆಗೆ ಬಿಡುತ್ತಿದ್ದರು. ಎಲೆ ತಾನೇ ಎತ್ತಬೇಕು. ಮತ್ತೆ ಅಷ್ಟೇ ದೂರ ವಾಪಸು.

ಫೋನು ಬಂದ ಮೇಲೂ ಈ ಕೆಲಸ ಒಂದಷ್ಟು ವರ್ಷ ನಿಲ್ಲಲಿಲ್ಲ. ಸಾವನ್ನು ಫೋನಿನಲ್ಲಿ ಹೇಳುವುದು ಮರ್ಯಾದೆಯಲ್ಲ ಅನ್ನುತ್ತಿದ್ದರು. ಯಾರ ಮರ್ಯಾದೆ ಎಂದು ಯಾರೂ ಕೇಳಲಿಲ್ಲ. ಭಾಗ್ಯಲಕ್ಷ್ಮಿಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಒಂದು ದಿನ ತಾನಾಗಿ ಆ ಕೆಲಸ ಬಿಟ್ಟ. ಯಾಕೆ ಎಂದು ಹೆಂಡತಿ ರೇವಮ್ಮನಿಗೂ ಹೇಳಲಿಲ್ಲ. ಮಂಡಿ ನೋವು ಅಂದ. ಅದೇ ಮಂಡಿ ಊರಿ ಇನ್ನೂ ಹದಿನೈದು ವರ್ಷ ಕಬ್ಬು ಕಡಿದ.

ಮಗಳು ಮಂಡ್ಯದ ಹಾಸ್ಟೆಲ್ಲಿನಲ್ಲಿದ್ದು ಬಿ.ಎ. ಓದಿದಳು. ಕಾಲೇಜಿನ ಸಮಾರಂಭವೊಂದರಲ್ಲಿ ಅವಳು ನಿರೂಪಣೆ ಮಾಡುವುದನ್ನು ಹೊನ್ನೇರು ಟಿವಿಯ ಮಾಲೀಕ ಜಯಪ್ರಕಾಶ್ ಕೇಳಿದ. ಅವನು ಮೊದಲು ಮನೆಮನೆಗೆ ಕೇಬಲ್ ಎಳೆಯುತ್ತಿದ್ದವನು. ಈಗ ನೂರಡಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯ ಮೇಲೆ ಎರಡು ರೂಮು ಹಿಡಿದು ಚಾನೆಲ್ ನಡೆಸುತ್ತಿದ್ದ.

'ಗಂಟ್ಲು ಚೆನ್ನಾಗೈತೆ ಕಣಮ್ಮ,' ಅಂದ. 'ಆದ್ರೆ ಹಳ್ಳೀನ ಅಳ್ಳಿ ಅಂತೀಯಲ್ಲ, ಅದೊಂದು ತೆಗ್ದಾಕು.'

ಹಾಸ್ಟೆಲ್ಲಿನ ಬಚ್ಚಲಲ್ಲಿ ಕಡ್ಡಿ ಗೀರಿ, ಬಾಯಿಯ ಮುಂದೆ ಹಿಡಿದು ಅವಳು ಅಭ್ಯಾಸ ಮಾಡಿದಳು. ಹಳ್ಳಿ ಅಂದರೆ ಉರಿ ಅಲುಗಬೇಕು. ಹೊಲ, ಹಸಿವು, ಹಣ. ಒಂದು ಬೆಂಕಿಪೊಟ್ಟಣ ಮುಗಿಯುವಷ್ಟರಲ್ಲಿ ಕೆಲಸ ಸಿಕ್ಕಿತು.

ಕೆಲಸ ಎಂದರೆ ಎರಡು ಕೆಲಸ. ಬೆಳಗಿನಿಂದ ಕ್ಯಾಮೆರಾಮನ್ ಪುನೀತನ ಬೈಕಿನ ಹಿಂದೆ ಕೂತು ಊರೂರು ಸುತ್ತುವುದು. ಸಂಜೆ ಕೋಟು ಹಾಕಿಕೊಂಡು ವಾರ್ತೆ ಓದುವುದು. ಪರದೆಯ ಮೇಲೆ ಕಾಣುವುದು ಸೊಂಟದವರೆಗೆ. ಮೇಜಿನ ಕೆಳಗೆ ಅವಳ ಕಾಲಲ್ಲಿ ನಾಲೆಯ ಕೆಸರು ಹತ್ತಿದ ಚಪ್ಪಲಿ. ಕೋಟು ಇದ್ದದ್ದು ಒಂದೇ. ಬೆಳಗಿನ ವಾರ್ತೆ ಓದುವ ಗಗನ ಎಂಬ ಹುಡುಗಿಯೂ ಅದನ್ನೇ ಹಾಕುತ್ತಿದ್ದಳು. ಭಾಗ್ಯಲಕ್ಷ್ಮಿ ಯಾವ ಕೇರಿಯವಳು ಎಂದು ಗೊತ್ತಾದ ವಾರವೇ ಗಗನ ಮನೆಯಿಂದ ತನ್ನದೇ ಕೋಟು ತಂದಳು. 'ನಂಗೆ ಸೈಜ್ ಆಗಲ್ಲ ಅಕ್ಕ' ಅಂದಳು. ಎರಡೂ ಒಂದೇ ಅಳತೆ.

ಹಳ್ಳಿಗಳಲ್ಲಿ ಇನ್ನೊಂದು. ಮೈಕು ಹಿಡಿದು ಹೋದವಳಿಗೆ ಮೊದಲು ಕುರ್ಚಿ ಬರುತ್ತಿತ್ತು, ಸ್ಟೀಲ್ ಲೋಟದಲ್ಲಿ ಕಾಫಿ ಬರುತ್ತಿತ್ತು. ಎರಡನೇ ಸಲ ಹೋದಾಗ ಯಾರಾದರೂ ಮೆಲ್ಲಗೆ ಕೇಳುತ್ತಿದ್ದರು: 'ನೀವು ಯಾವ ಪೈಕಿ ಅಮ್ಮಣ್ಣಿ?' ಅವಳು ಹೇಳುತ್ತಿದ್ದಳು. ಮೂರನೇ ಸಲ ಕಾಫಿ ಪೇಪರ್ ಲೋಟದಲ್ಲಿ ಬರುತ್ತಿತ್ತು. ಪುನೀತನಿಗೆ ಸ್ಟೀಲ್ ಲೋಟವೇ. ಅವನು ತಲೆ ಬಗ್ಗಿಸಿ ಕುಡಿಯುತ್ತಿದ್ದ.

ಆದರೂ ಅವಳು ಹೆಸರು ಮಾಡಿದಳು. ಹಾಸ್ಟೆಲ್ ಮಕ್ಕಳ ಅನ್ನದ ಹುಳು ತೋರಿಸಿದಳು. ಸತ್ತವರ ಹೆಸರಲ್ಲಿ ಅಕ್ಕಿ ಎತ್ತುತ್ತಿದ್ದವರನ್ನು ಹಿಡಿದಳು. ಮದ್ದೂರಿನ ಬಸ್‌ ಸ್ಟ್ಯಾಂಡಿನಲ್ಲಿ ಇಳಿದರೆ ಕಾಲೇಜು ಹುಡುಗಿಯರು ಫೋಟೋಕ್ಕೆ ಬಂದು ನಿಲ್ಲುತ್ತಿದ್ದರು. ಜಯಪ್ರಕಾಶನಿಗೆ ಅವಳ ವರದಿ ಇಷ್ಟ. ಯಾವುದನ್ನು ಹಾಕಬೇಕು, ಯಾವುದನ್ನು ತಡೆದಿಟ್ಟು ಯಾರಿಗೆ ಫೋನು ಮಾಡಬೇಕು ಎಂಬುದು ಅವನಿಗೆ ಗೊತ್ತಿತ್ತು.

'ನಿನ್ನ ವರದಿ ನಂಗೆ ಎತ್ತಿನ ಕೊಂಬಿದ್ದಂಗೆ,' ಅನ್ನುತ್ತಿದ್ದ. 'ಯಾರಿಗೆ ತಿವೀಬೇಕು ಅಂತ ನಾನು ಹೇಳ್ತೀನಿ. ನೀನು ಸುಮ್ನೆ ಚೂಪಾಗಿ ಇಟ್ಟಿರು.'

ಮೂರು ವರ್ಷದ ಹಿಂದೆ ಅವಳು ಒಂದು ಸಾಲು ಓದಿದ್ದಳು. ಆಲೆಮನೆಯೊಂದರಲ್ಲಿ ಕುದಿಯುವ ಕೊಪ್ಪರಿಗೆಗೆ ಬಿದ್ದು ಕೂಲಿಯವನೊಬ್ಬ ಸತ್ತಿದ್ದ. ಹಾಳೆಯಲ್ಲಿ 'ಕುಡಿದ ಅಮಲಿನಲ್ಲಿ ಕಾಲು ಜಾರಿ' ಎಂದಿತ್ತು. ಅವತ್ತು ಅವಳು ಬೇರೆ ಕಡೆ ಹೋಗಿದ್ದಳು. ಬಂದವಳೇ ಕೋಟು ಹಾಕಿಕೊಂಡು ಓದಿದಳು. ಹದಿನೈದು ಸೆಕೆಂಡಿನ ಸುದ್ದಿ. ಆಮೇಲೆ ಹವಾಮಾನ.

ಆರು ತಿಂಗಳು ಕಳೆದು ಮಳವಳ್ಳಿ ಬಸ್‌ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಅವಳ ಎದುರು ಬಂದು ನಿಂತಳು. ಕಂಕುಳಲ್ಲಿ ಕೂಸು.

'ಟಿವೀಲಿ ಬರೋಳು ನೀನೇ ಅಲ್ವೇನವ್ವ?'

ಭಾಗ್ಯಲಕ್ಷ್ಮಿ ನಕ್ಕಳು. ಫೋಟೋಕ್ಕೆ ಅಂದುಕೊಂಡಳು.

'ನನ್ನ ಗಂಡ ಕುಡ್ದು ಬಿದ್ದ ಅಂದೋಳು ನೀನೇ ಅಲ್ವಾ? ಅವ್ನು ಬೀಡಿನೂ ಸೇದ್ದೋನಲ್ಲ. ಎರಡ್ ದಿನ ನಿದ್ದೆ ಇಲ್ದೆ ಒಲೆ ಮುಂದೆ ನಿಲ್ಸಿದ್ರು. ತೂಕಡ್ಸಿ ಬಿದ್ದ. ನ್ಯಾಯ ಕೇಳಕೆ ಕೂತಾಗ ನೀನ್ ಓದಿದ್ದ ಮೊಬೈಲಲ್ಲಿ ಆಕಿ ತೋರ್ಸುದ್ರು. ನೋಡಮ್ಮಿ, ನಿಮ್ಮೋಳೇ ಯೋಳವ್ಳೆ ಅಂದ್ರು.'

ಅಷ್ಟು ಹೇಳಿ ಅವಳು ಬಸ್ಸು ಹತ್ತಿ ಹೋದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಭಾನುವಾರ ಭಾಗ್ಯಲಕ್ಷ್ಮಿ ಊರಿಗೆ ಹೋಗಿ ಅಪ್ಪನ ಮುಂದೆ ಎಲ್ಲ ಹೇಳಿದಳು. ಕರಿಸಿದ್ದಯ್ಯ ಕುಡುಗೋಲು ಮಸೆಯುತ್ತಿದ್ದ. ಕೈ ನಿಲ್ಲಿಸಿದ.

'ಮೊಕ ನೋಡಿದ್ಯಾ ನೀನು?'

'ಇಲ್ಲ ಕಣಪ್ಪ.'

'ನೋಡ್ದೆ ಯೋಳ್ಬುಟ್ಯಾ?'

ಅಪ್ಪ ಕುಡುಗೋಲಿನ ಮೇಲೆ ಕಣ್ಣಿಟ್ಟೇ ಹೇಳಿದ.

'ನಾನು ನೋಡ್ಬುಟ್ಟೂ ಸುಳ್ಳು ಯೋಳಿವ್ನಿ ಮಗ. ಮೇಲಿನ ಬೀದಿ ಸೊಸೆ. ಒಂದ್ ವರ್ಸ ಆಗಿರ್ನಿಲ್ಲ ಮದ್ವೆಯಾಗಿ. ಕೆರೇಲಿ ಕಾಲು ಜಾರಿ ಮುಳುಗುದ್ಲು ಅಂತ ಯೋಳು ಅಂದ್ರು. ಮೊಕ ನೋಡ್ದೆ. ತಲೆಕೂದ್ಲು ಒಣಗಿತ್ತು ಕಣವ್ವ. ಮುಡ್ದಿದ್ದ ಹೂವ ನಲುಗಿರ್ನಿಲ್ಲ. ಮದ್ದೂರಿಂದ ಆಚೆ ಅವ್ಳ ತೌರು. ಅವ್ರಪ್ಪ ಈಚೆ ಬಂದು ನನ್ನ ಎದುರ್ಗೇ ನಿಂತ್ಕಂಡು ಕೇಳ್ದ, ನೀನು ಕಣ್ಣಾರೆ ನೋಡ್ದೇನಲಾ ಅಂತ. ನೋಡ್ದೆ ಬುದ್ದಿ, ನೀರು ಕುಡ್ದವ್ರೆ ಅಂದೆ. ನನ್ನ ಮಾತ ನಂಬ್ದ ಅವ್ನು. ಅಲ್ಲಿಗೆ ಮುಗೀತು ಆ ಮಗೀನ ಕತೆ.'

'ಅದಕ್ಕೇ ಬಿಟ್ಯಾ ಆ ಕೆಲಸಾನ?'

'ಅವತ್ತು ಇಕ್ಕಿದ ಮುದ್ದೆ ಗಂಟ್ಲಲ್ಲಿ ಇಳೀನಿಲ್ಲ.'

ಒಳಗಿಂದ ರೇವಮ್ಮ ಗದರಿದಳು. 'ಸಾಕು ಸುಮ್ಕಿರು. ಮಗೀಗೆ ಇಲ್ಲದ್ದೆಲ್ಲ ತುಂಬ್ಬೇಡ. ನಾವು ಬಿಸ್ಲಲ್ಲಿ ಸತ್ತಿದ್ದು ಸಾಕು, ಅವ್ಳ್ದು ನೆಳ್ಳಲ್ಲಿ ಕೂತು ಮಾಡೋ ಕೆಲ್ಸ. ಏನು ಬರ್ದು ಕೊಟ್ಟಾರೋ ಓದ್ಲಿ, ಬರ್ಲಿ.'

ಅಂದಿನಿಂದ ಭಾಗ್ಯಲಕ್ಷ್ಮಿ ಹೋಗಿ ನೋಡದೆ ಯಾರ ಸಾವನ್ನೂ ಓದಲಿಲ್ಲ. ಶವಾಗಾರಗಳ ಕಾವಲುಗಾರರಿಗೆ ಅವಳ ಗುರುತಾಯಿತು. ಆಫೀಸಿನಲ್ಲಿ 'ಹೆಣ ನೋಡೋ ಮೇಡಂ' ಎಂದು ಹೆಸರಿಟ್ಟರು. ಇಟ್ಟರೆ ಇಡಲಿ ಅಂದುಕೊಂಡಳು.

ಈ ವರ್ಷ ಮದುವೆಗಳ ಕಾಲದಲ್ಲಿ, ಒಂದು ಮಧ್ಯಾಹ್ನ ಲಿಂಗಯ್ಯನ ಫೋನು ಬಂತು. ಲಿಂಗಯ್ಯ ಮದ್ದೂರು ಸುತ್ತಿನ ಕಲ್ಯಾಣ ಮಂಟಪಗಳಲ್ಲಿ ಎಂಜಲೆಲೆ ಎತ್ತುವವನು. ಅವನ ಮಗಳ ಶಾಲೆಯ ತೊಂದರೆಯೊಂದನ್ನು ಭಾಗ್ಯಲಕ್ಷ್ಮಿ ಹಿಂದೆ ವರದಿ ಮಾಡಿದ್ದಳು.

'ಅಕ್ಕ, ನನ್ ಜೊತೇಲಿ ಎಲೆ ಎತ್ತೋ ಚಿಕ್ಕಮಾದು ಓಗ್ಬುಟ್ಟ. ಗುಂಡೀಲಿ. ಬಿರ್ನೆ ಬಾರಕ್ಕ.'

ಮಂಟಪ ಇದ್ದದ್ದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಕಾಳಮ್ಮನಕೊಪ್ಪಲು ಗೇಟಿನ ಹತ್ತಿರ. ಪುನೀತ ಬೈಕು ಹತ್ತುವ ಮುಂಚೆ ಒಂದು ಕ್ಷಣ ನಿಂತ.

'ಅಕ್ಕ, ಅದು ನಮ್ ಸಾರ್ ಭಾಮೈದುಂದು.'

'ಗೊತ್ತು. ಹತ್ತು.'

ಅವರು ಹೋದಾಗ ಕೊನೆಯ ಪಂಕ್ತಿ ಏಳುತ್ತಿತ್ತು. ಗಂಡು ಹೆಣ್ಣು ವೇದಿಕೆಯ ಮೇಲೆ ನಿಂತಿದ್ದರು. ಹಾಡು ಜೋರಾಗಿತ್ತು. ಹಿತ್ತಲಿಗೆ ಹೋಗಲು ಮ್ಯಾನೇಜರ್ ಅಡ್ಡ ಬಂದ. ಅವಳು ಅಡುಗೆಮನೆಯ ಒಳಗಿಂದ ನುಗ್ಗಿದಳು. ಕಕ್ಕಸು ಗುಂಡಿಯ ಬಾಯಿಗೆ ಆಗಲೇ ಚಪ್ಪಡಿ ಎಳೆದಿದ್ದರು. ಸುತ್ತ ಫಿನೈಲ್ ಸುರಿದಿದ್ದರು. ಚಪ್ಪಡಿಯ ಮೇಲೆ ಬಾಗಿಲಿಗೆ ಕಟ್ಟಿದ್ದ ಬಾಳೆಕಂಬ ತಂದು ಮಲಗಿಸಿದ್ದರು. ಆದರೂ ವಾಸನೆ ನಿಂತಿರಲಿಲ್ಲ.

ಕಾಂಪೌಂಡಿನ ಆಚೆ, ರಾಶಿ ಬಿದ್ದ ಎಂಜಲೆಲೆಯ ಪಕ್ಕ ಲಿಂಗಯ್ಯ ಕುಕ್ಕರುಗಾಲಲ್ಲಿ ಕೂತಿದ್ದ. ಪುನೀತ ಕ್ಯಾಮೆರಾ ಹಿಡಿದ. ಲಿಂಗಯ್ಯ ಹೇಳಿದ.

ಬೆಳಗಿನ ಐದಕ್ಕೆ ಇಬ್ಬರೂ ಬಂದಿದ್ದರು. ತಿಂಡಿಯ ಎಲೆ ಎತ್ತಿದರು. ಊಟದ ಎರಡು ಪಂಕ್ತಿಯ ಎಲೆ ಎತ್ತಿದರು. ಎಲೆ ಎತ್ತುವವರಿಗೆ ಊಟ ಕೊನೆಯ ಪಂಕ್ತಿ ಎದ್ದ ಮೇಲೆ, ಹಿತ್ತಲಲ್ಲಿ. ಅಷ್ಟರಲ್ಲಿ ಕಕ್ಕಸು ಕಟ್ಟಿಕೊಂಡು ನೀರು ಮೇಲೆ ಬಂತು. ಗಂಡಿನ ಕಡೆಯವರು ಕೂಗಾಡಿದರು. ಹೀರುವ ಲಾರಿಯವನು ಸಂಜೆಗಷ್ಟೇ ಬರುತ್ತೇನೆ ಅಂದ. ಮ್ಯಾನೇಜರ್ ಹಿತ್ತಲಿಗೆ ಬಂದ.

'ಏನಂದ ಲಿಂಗಯ್ಯ? ಅವನು ಅಂದಂಗೇ ಹೇಳು.'

'ವಸಿ ಇಳ್ದು ಕಟ್ಕಂಡಿರೋದ ಬುಡ್ಸುಬುಟ್ಟು ಬಂದು ಉಣ್ಣೋಗ್ರಲಾ ಅಂದ. ನಾನು ಆಗಾಕಿಲ್ಲ ಅಂದೆ. ಹಂಗಾರೆ ಊಟನೂ ಇಲ್ಲ, ನಾಳಿಂದ ಕೆಲ್ಸನೂ ಇಲ್ಲ, ಓಯ್ತಾ ಇರಿ ಅಂದ. ಚಿಕ್ಕಮಾದು ಅಂಗಿ ಬಿಚ್ಚಿ ಮಡ್ಚಿ ಗೋಡೆ ಮೇಲೆ ಮಡಗ್ದ. ಎದೆ ಸುತ್ತ ಅಗ್ಗ ಕಟ್ಕಂಡ. ನನ್ನ ಕೈಗೆ ಕೊಟ್ಟು, ಬಿಗಿಯಾಗಿ ಇಡ್ಕಳಣ್ಣ ಅಂದ. ಐದ್ ನಿಮ್ಸ ಆಗಿರ್ನಿಲ್ಲ ಅಕ್ಕ. ಅಗ್ಗ ತೂಕ ಬಂತು. ಕೂಗ್ದೆ. ಹಾಡು ಆಕಿದ್ರು, ಯಾರ್ಗೂ ಕೇಳ್ನಿಲ್ಲ. ಕೇಳ್ದೋರು ಮೂಗು ಮುಚ್ಕಂಡು ನೋಡುದ್ರು. ಒಬ್ನೇ ಎಳ್ದೆ.'

'ಆಮೇಲೆ?'

'ಆಮೇಲೆ ಮ್ಯಾನೇಜರ್ ಬಂದು, ಮೊದ್ಲು ಅಗ್ಗ ಬಿಚ್ಚು ಅಂದ.'

ಹೆಣ ಮದ್ದೂರಿನ ಶವಾಗಾರದಲ್ಲಿತ್ತು. ಕಾವಲಿನವನು ಅವಳನ್ನು ನೋಡಿ ಏನೂ ಕೇಳದೆ ಬಾಗಿಲು ತೆಗೆದ. ಚಿಕ್ಕಮಾದುವಿನ ಮೈ ತೊಳೆದಿರಲಿಲ್ಲ. ಮೂಗಿನಲ್ಲಿ, ಬಾಯಲ್ಲಿ, ಕಿವಿಯಲ್ಲಿ ಅದೇ. ಮೂವತ್ತರ ಮೇಲಿನ ಗಂಡಸು. ಚಲ್ಲಣವನ್ನು ತೊಡೆಯವರೆಗೂ ಮಡಚಿ ಕಟ್ಟಿದ್ದ. ಕೈಗೆ ಮದುವೆಮನೆಯ ಹಾಲಿನ ಖಾಲಿ ಪ್ಯಾಕೆಟ್ಟುಗಳನ್ನು ಸುತ್ತಿ ದಾರದಲ್ಲಿ ಬಿಗಿದಿದ್ದ. ಕೈಗವಸು ಎಂದರೆ ಅದೇ. ಕಂಕುಳ ಕೆಳಗಿಂದ ಎದೆಯ ಸುತ್ತ ಹಗ್ಗದ ಬರೆ ಎದ್ದಿತ್ತು, ಎರಡು ಬೆರಳು ಅಗಲ. ಅವಳು ಮುಖ ನೋಡಿದಳು. ಕಣ್ಣು ಅರ್ಧ ತೆರೆದಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಹೊರಗೆ ಕಟ್ಟೆಯ ಮೇಲೆ ಅವನ ಹೆಂಡತಿ ಸಣ್ಣತಾಯಮ್ಮ ಕೂತಿದ್ದಳು. ಮಡಿಲಲ್ಲಿ ಒಗೆದ ಬಿಳಿ ಅಂಗಿ, ಗೋಡೆಯ ಮೇಲೆ ಇಟ್ಟಿದ್ದನ್ನು ಯಾರೋ ತಂದುಕೊಟ್ಟಿದ್ದರು.

'ಮದ್ವೆಮನೆ ಅಂತ ಒಳ್ಳೇದ್ ಆಕಂಡಿದ್ದ,' ಅಂದಳು. ಆಮೇಲೆ ಭಾಗ್ಯಲಕ್ಷ್ಮಿಯ ಮುಖವನ್ನೇ ನೋಡಿದಳು. 'ಜಾರಿ ಬಿದ್ದ ಅಂತಾವ್ರೆ. ಒಂದ್ ಕಾಗ್ದುಕ್ಕೆ ಎಬ್ಬೆಟ್ಟು ಒತ್ತು ಅಂತಾವ್ರೆ. ಜಾರ್ದೋನ್ಗೆ ಅಗ್ಗ ಯಾರು ಕಟ್ಟಿದ್ರವ್ವ?'

'ಓದಿ ಹೇಳಿಸ್ಕೊಳ್ದೆ ಯಾವ್ದಕ್ಕೂ ಒತ್ಬೇಡ ಕಣಕ್ಕ. ಹೆಣಾನೂ ತಕ್ಕೋಬೇಡ.'

'ನೀನು ಟಿವೀಲಿ ಇದ್ದುದ್ದ ಯೋಳ್ತೀಯಾ?'

'ಹೇಳ್ತೀನಿ.'

ಆರೂವರೆಗೆ ಅವಳು ಸ್ಟುಡಿಯೋ ಮೆಟ್ಟಿಲು ಹತ್ತಿದಾಗ ಜಯಪ್ರಕಾಶ್ ಒಳಗೆ ಕಾಯುತ್ತಿದ್ದ. ಆ ಹೊತ್ತಿನಲ್ಲಿ ಅವನು ಯಾವತ್ತೂ ಬರುವವನಲ್ಲ. ಕೈಯಲ್ಲಿ ಹಾಳೆ. 'ಕಲ್ಯಾಣ ಮಂಟಪವೊಂದರ ಹಿಂಭಾಗದಲ್ಲಿ ನಡೆದು ಹೋಗುತ್ತಿದ್ದ ವ್ಯಕ್ತಿಯೊಬ್ಬರು ಆಕಸ್ಮಿಕವಾಗಿ ಕಾಲು ಜಾರಿ ಗುಂಡಿಗೆ ಬಿದ್ದು ಮೃತಪಟ್ಟಿದ್ದಾರೆ.' ಒಂದೇ ಸಾಲು.

'ಇದು ಸುಳ್ಳು ಸಾರ್. ನಾನು ನೋಡ್ಕೊಂಡ್ ಬಂದಿದ್ದೀನಿ.'

'ನೀನು ನೋಡೋದು, ಓದೋದು, ಎರಡೂ ಬೇರೆ ಕಣಮ್ಮ. ನೋಡೋಕೆ ನಿನ್ನ ಕಳ್ಸಿದ್ಯಾರು?'

'ನೀವೇ ಓದಿ ಸಾರ್, ನಿಮಗೆ ಅಷ್ಟು ಖಾತ್ರಿ ಇದ್ರೆ.'

ಅವನು ನಕ್ಕ. ಸಿಟ್ಟು ಬಂದಾಗ ಅವನು ನಗುತ್ತಿದ್ದ. 'ನಾನು ಓದುದ್ರೆ ಯಾರು ನಂಬ್ತಾರೆ? ಭಾಮೈದನ ಪರ ಅಂತಾರೆ. ನೀನು ಓದ್ಬೇಕು. ನಿಮ್ಮ ಜನ ನಿನ್ನ ಮಾತು ಕೇಳ್ತಾರೆ. ಅದಕ್ಕೇ ಅಲ್ವಾ ನಿನ್ನ ಇಲ್ಲಿ ಕೂರ್ಸಿರೋದು?'

ಏಳು ವರ್ಷ. ಅವಳ ಗಂಟಲು ಚೆನ್ನಾಗಿದೆ ಎಂದು ಕೂರಿಸಿದ್ದಾರೆ ಅಂದುಕೊಂಡಿದ್ದಳು. ಅವಳ ಕೆಲಸ ಚೆನ್ನಾಗಿದೆ ಎಂದು ಉಳಿಸಿಕೊಂಡಿದ್ದಾರೆ ಅಂದುಕೊಂಡಿದ್ದಳು. ಆಲೆಮನೆಯವರು 'ನಿಮ್ಮೋಳೇ ಯೋಳವ್ಳೆ' ಅಂದದ್ದರ ಅರ್ಥ ಈಗ ಪೂರ್ತಿ ಆಯಿತು.

'ಪುನೀತ,' ಅಂದ ಜಯಪ್ರಕಾಶ್, ಕೈ ಚಾಚಿ. 'ಕಾರ್ಡು ಕೊಡ್ಲಾ.'

ಪುನೀತ ಅವಳ ಕಡೆ ನೋಡಲಿಲ್ಲ. ಕ್ಯಾಮೆರಾದಿಂದ ಕಾರ್ಡು ತೆಗೆದು ಕೊಟ್ಟ. ಉಗುರಿನಷ್ಟು ದೊಡ್ಡ ಕಾರ್ಡು. ಲಿಂಗಯ್ಯನ ಮಾತು, ಚಪ್ಪಡಿ, ಬಾಳೆಕಂಬ ಎಲ್ಲ ಅದರಲ್ಲಿತ್ತು. ಜಯಪ್ರಕಾಶ್ ಅದನ್ನು ಹಲ್ಲಿನ ನಡುವೆ ಇಟ್ಟು ಮುರಿದ. ಬೀಡ ಉಗಿದ ಹಾಗೆ ಬುಟ್ಟಿಗೆ ಉಗಿದ.

'ಈಗ ಹೋಗಿ ಕೂತ್ಕೊ. ಟೈಮಾಯ್ತು. ಓದ್ಬುಟ್ಟು ಮನೆಗೋಗು. ನಾಳೆ ಎಲ್ಲ ಮರ್ತೋಯ್ತದೆ.'

ಅವಳು ಕೋಟು ಹಾಕಿಕೊಂಡಳು. ಕುರ್ಚಿಯಲ್ಲಿ ಕೂತಳು. ಹಾಳೆಯನ್ನು ಮುಂದೆ ಇಟ್ಟುಕೊಂಡಳು. ಓದುತ್ತಾಳೆ ಎಂದೇ ಜಯಪ್ರಕಾಶ್ ತಿಳಿದ. ಅವನು ಗಾಜಿನ ಆಚೆ, ಪ್ರಸಾರದ ಬಟನ್ನುಗಳ ಮುಂದೆ ಕೂತಿದ್ದ ಸ್ವರೂಪನ ಪಕ್ಕ ಕೈಕಟ್ಟಿ ನಿಂತ. ಏಳಾಯಿತು. ಕೆಂಪು ದೀಪ ಹತ್ತಿತು. ಹೊನ್ನೇರು ವಾರ್ತೆಗೆ ಸ್ವಾಗತ ಎಂದಳು. ನಾಲೆಗೆ ನೀರು ಬಿಡುವ ಸುದ್ದಿ ಓದಿದಳು. ಆಮೇಲೆ ಆ ಹಾಳೆಯನ್ನು ಎತ್ತಿ, ಕ್ಯಾಮೆರಾಕ್ಕೆ ಕಾಣುವ ಹಾಗೆ ಹಿಡಿದಳು.

'ಈ ಹಾಳೇಲಿ, ಚಿಕ್ಕಮಾದು ಅನ್ನೋ ಮನುಷ್ಯ ಕಾಲು ಜಾರಿ ಕಕ್ಕಸು ಗುಂಡಿಗೆ ಬಿದ್ದು ಸತ್ತ ಅಂತ ಬರ್ದಿದ್ದಾರೆ. ಅವನ ಹೆಸರನ್ನೂ ಬರ್ದಿಲ್ಲ. ಇದನ್ನ ನಾನು ಓದಲ್ಲ. ಅವನ ಹೆಣ ನೋಡ್ಕೊಂಡ್ ಬಂದಿದ್ದೀನಿ. ಎದೆ ಸುತ್ತ ಹಗ್ಗದ ಬರೆ ಇದೆ. ಕೈಗೆ ಹಾಲಿನ ಪ್ಯಾಕೆಟ್ಟು ಕಟ್ಕೊಂಡಿದ್ದಾನೆ. ಜಾರಿ ಬೀಳೋನು ಯಾರೂ ಹಗ್ಗ ಕಟ್ಕೊಂಡು ಜಾರಲ್ಲ. ಕಾಳಮ್ಮನಕೊಪ್ಪಲು ಗೇಟಿನ ಮಂಟಪದೋರು ಅವನನ್ನ ಗುಂಡಿಗೆ ಇಳಿಸಿದ್ರು. ಇಳೀದಿದ್ರೆ ಊಟ ಇಲ್ಲ ಅಂದ್ರು. ಹಸ್ಕೊಂಡೇ ಸತ್ತ. ಹೊರಗೆ ಮೂರು ಪಂಕ್ತಿ ಉಂಡಿತ್ತು.'

ಗಾಜಿನ ಆಚೆ ಜಯಪ್ರಕಾಶನ ಬಾಯಿ ಆಡುತ್ತಿತ್ತು. ಸ್ವರೂಪ ಗಾಬರಿಯಲ್ಲಿ ತಪ್ಪು ಬಟನ್ ಒತ್ತಿದ. ಪರದೆಯ ಕೆಳಗೆ ಚಿನ್ನದಂಗಡಿಯ ಹೆಸರು ಓಡಿತು. ಅವಳು ನಿಲ್ಲಿಸಲಿಲ್ಲ.

'ಇನ್ನೊಂದು ಮಾತಿದೆ. ಮೂರು ವರ್ಷದ ಹಿಂದೆ ಇದೇ ಕುರ್ಚೀಲಿ ಕೂತು, ಆಲೆಮನೇಲಿ ಸತ್ತ ಒಬ್ಬ ಕೂಲಿಯವನನ್ನ ಕುಡಿದು ಬಿದ್ದ ಅಂತ ನಾನು ಓದಿದೆ. ನೋಡ್ದೆ ಓದಿದೆ. ಅವನು ಕುಡೀತಿರಲಿಲ್ಲ. ಅವನ ಹೆಂಡ್ತಿ ನನಗೆ ಮಳವಳ್ಳೀಲಿ...'

ಪರದೆಯ ಮೇಲೆ ಸೀರೆ ಅಂಗಡಿಯ ಜಾಹೀರಾತು ಬಂತು.

ಜಯಪ್ರಕಾಶ್ ಒಳಗೆ ನುಗ್ಗಿದ. ಈಗ ನಗುತ್ತಿರಲಿಲ್ಲ.

'ಬಿಚ್ಚು ಕೋಟ! ಎಂಜಲೆಲೆ ಎತ್ತೋರ ಜಾತೀನ ತಂದು ಕ್ಯಾಮೆರಾ ಮುಂದೆ ಕೂರ್ಸಿದ್ನಲ್ಲ, ನನ್ನ ಮೆಟ್ನಲ್ಲಿ ನಾನೇ ಹೊಡ್ಕೋಬೇಕು.'

ಅವಳು ಕೋಟು ಬಿಚ್ಚಿದಳು. ಮಡಚಲಿಲ್ಲ. ಮೇಜಿನ ಮೇಲೆ ಎಸೆದಳು.

'ಎಲೆ ಎತ್ತೋರು ಅಂತ ಅಂದ್ರಲ್ಲ ಸಾರ್, ಅದೊಂದು ನಿಜ ಹೇಳಿದ್ರಿ. ಉಂಡೋರು ಯಾರು ಅನ್ನೋದನ್ನೂ ಒಂದಿನ ಹೇಳಿ.'

ಮಾರನೆಯ ಬೆಳಿಗ್ಗೆ ಠಾಣೆಯ ಮುಂದೆ ಜನ ಸೇರಿದ್ದರು. ರಾತ್ರಿಯೇ ಯಾರೋ ಟಿವಿಯ ಎದುರು ಮೊಬೈಲು ಹಿಡಿದು ತೆಗೆದಿದ್ದ ಆ ಒಂದು ನಿಮಿಷ ಕೇರಿಯಿಂದ ಕೇರಿಗೆ ಹೋಗಿತ್ತು. ಕಬ್ಬು ಕಡಿಯುವವರು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದರು. ಹೆಂಗಸರು ಬೇವಿನ ಮರದ ಕೆಳಗೆ ಕೂತಿದ್ದರು. ಮಂಟಪದ ಯಜಮಾನನ ಕಾರು ಗೇಟಿನ ಬಳಿ ನಿಂತಿತ್ತು. ಗಾಜು ಅರ್ಧ ಇಳಿದಿತ್ತು.

ಒಳಗೆ ಅಧಿಕಾರಿಯ ಮೇಜಿನ ಮೇಲೆ ಮ್ಯಾನೇಜರ್ ಕೊಟ್ಟ ದೂರಿನ ಹಾಳೆ ಇತ್ತು. ಕಾಲು ಜಾರಿ ಬಿದ್ದ ಬಗ್ಗೆ. ಅದರ ಕೆಳಗೆ ಸಣ್ಣತಾಯಮ್ಮ ಹೆಬ್ಬೆಟ್ಟು ಒತ್ತಲು ಜಾಗ ಬಿಟ್ಟಿದ್ದರು. ಅವಳು ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಮ್ಯಾನೇಜರನ ಪಕ್ಕದಲ್ಲಿ ಲಿಂಗಯ್ಯ ಇದ್ದ. ಹೊಸ ಪಂಚೆ ಉಟ್ಟಿದ್ದ. ಟವಲನ್ನು ಎರಡೂ ಕೈಗೆ ಸುತ್ತಿಕೊಂಡಿದ್ದ. ಭಾಗ್ಯಲಕ್ಷ್ಮಿಯನ್ನು ನೋಡಿ ಮುಖ ತಿರುಗಿಸಿದ.

'ನೀನು ಏನು ನೋಡ್ದೆ ಹೇಳಯ್ಯ,' ಅಂದ ಅಧಿಕಾರಿ.

'ನಾನು ಎಲೆ ಎತ್ತಾ ಇದ್ದೆ ಬುದ್ದಿ. ಏನೂ ನೋಡ್ನಿಲ್ಲ.'

ಭಾಗ್ಯಲಕ್ಷ್ಮಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಮನೆಗೆ ಬೆಳಿಗ್ಗೆ ಯಾರು ಹೋಗಿರಬೇಕು, ಏನು ಹೇಳಿರಬೇಕು ಎಂದು ಅವಳಿಗೆ ಗೊತ್ತಿತ್ತು. ಆದರೆ ಸಣ್ಣತಾಯಮ್ಮ ಹೆಜ್ಜೆ ಮುಂದಿಟ್ಟಳು.

'ಅಣ್ಣ, ಕೈ ತಗಿ ಈಚೆಗೆ.'

'ಬ್ಯಾಡ ಕಣಮ್ಮಿ.'

'ತಗಿ ಅಂತೀನಿ.'

ಅವಳೇ ಟವಲು ಹಿಡಿದು ಎಳೆದಳು. ಲಿಂಗಯ್ಯನ ಎರಡೂ ಅಂಗೈ ಕಿತ್ತು ಹೋಗಿತ್ತು. ಹಗ್ಗ ಜಗ್ಗಿದ ಕಡೆ ಚರ್ಮ ಸುರುಳಿ ಎದ್ದು, ಒಳಗಿನ ಕೆಂಪು ಮಾಂಸ ಕಾಣುತ್ತಿತ್ತು. ಟವಲಿಗೆ ಅಂಟಿದ್ದದ್ದು ಬಿಚ್ಚಿ ಮತ್ತೆ ರಕ್ತ ಜಿನುಗಿತು.

'ಎಲೆ ಎತ್ತುದ್ರೆ ಇಂಗಾಯ್ತದಾ ಬುದ್ದಿ?' ಎಂದು ಸಣ್ಣತಾಯಮ್ಮ ಅಧಿಕಾರಿಯನ್ನು ಕೇಳಿದಳು.

ಲಿಂಗಯ್ಯ ತನ್ನ ಕೈಗಳನ್ನೇ ನೋಡುತ್ತಾ ನಿಂತ. ಮ್ಯಾನೇಜರ್ ಅವನ ತೋಳು ಮುಟ್ಟಿದ. ಲಿಂಗಯ್ಯ ಕೊಡವಿಕೊಂಡ.

'ಎಳ್ದೆ ಬುದ್ದಿ,' ಅಂದ. 'ಇವ್ನೇ ಇಳ್ಸಿದ್ದು. ನಾನೇ ಎಳ್ದಿದ್ದು. ಬರ್ಕಳಿ. ಏನಾದ್ರೂ ಆಗ್ಲಿ, ಬರ್ಕಳಿ.'

ಅಧಿಕಾರಿ ಭಾಗ್ಯಲಕ್ಷ್ಮಿಯ ಕಡೆ ತಿರುಗಿದ. 'ಮೇಡಂ, ಪ್ರೆಸ್‌ನೋರು ಹೊರಗಿರಬೇಕು. ನೀವು ಯಾವ ಚಾನೆಲ್ಲು?'

'ಯಾವ್ದೂ ಇಲ್ಲ ಸಾರ್. ನಿನ್ನೆ ತನಕ ಇತ್ತು.'

'ಮತ್ತೆ ಇಲ್ಲೇನು?'

'ನಾನು ಸಾಕ್ಷಿ.'

'ಏನಕ್ಕೆ ಸಾಕ್ಷಿ? ಇಳಿಸಿದ್ದನ್ನ ನೀವು ನೋಡಿದ್ರಾ?'

'ಇಲ್ಲ. ಅದನ್ನ ನೋಡಿದೆ ಅಂತ ಹೇಳಲ್ಲ. ಮೈಮೇಲಿನ ಹಗ್ಗದ ಬರೆ ನೋಡಿದ್ದೀನಿ. ಕೈಗೆ ಕಟ್ಕೊಂಡಿದ್ದು ನೋಡಿದ್ದೀನಿ. ಮುಚ್ಚಿದ್ದ ಗುಂಡಿ ನೋಡಿದ್ದೀನಿ. ಇವನು ನಿನ್ನೆ ಹೇಳಿದ್ದು ಕೇಳಿದ್ದೀನಿ. ಅಷ್ಟೇ ಬರ್ಕಳಿ, ಒಂದಕ್ಷರ ಹೆಚ್ಚು ಬೇಡ.'

'ಕೋರ್ಟಿಗೆ ಅಲೀಬೇಕಾಗ್ತದೆ. ವರ್ಷಗಟ್ಲೆ. ಎದುರಿಗಿರೋರು ಯಾರು ಅಂತ ಗೊತ್ತಲ್ಲ?'

'ಗೊತ್ತು. ಅವರ ಹೆಸರೂ ಬರ್ಕಳಿ.'

ಅಧಿಕಾರಿ ಸ್ವಲ್ಪ ಹೊತ್ತು ಹೊರಗಿನ ಜನದ ಕಡೆ ನೋಡಿದ. ಮ್ಯಾನೇಜರ್ ಕೊಟ್ಟಿದ್ದ ಹಾಳೆಯನ್ನು ಪಕ್ಕಕ್ಕೆ ಸರಿಸಿದ. ಕಾನ್‌ಸ್ಟೆಬಲ್‌ನನ್ನು ಕರೆದು ಬೇರೆ ಹಾಳೆ ತೆಗೆಯಲು ಹೇಳಿದ. ಬರೆಯಲು ಒಂದೂವರೆ ಗಂಟೆ ಹಿಡಿಯಿತು. ಲಿಂಗಯ್ಯ ಹೇಳಿದ. ಸಣ್ಣತಾಯಮ್ಮ ಹೇಳಿದಳು. ಭಾಗ್ಯಲಕ್ಷ್ಮಿ ಹೇಳಿದಳು. ಹೊರಗೆ ಯಾರೂ ಎದ್ದು ಹೋಗಲಿಲ್ಲ. ಕೂಲಿ ಹೋಯಿತು ಎಂದು ಯಾರೂ ಅನ್ನಲಿಲ್ಲ.

ಕಾನ್‌ಸ್ಟೆಬಲ್ ಶಾಯಿಯ ಪ್ಯಾಡು ಮುಂದೆ ತಳ್ಳಿದ.

'ಮೊದ್ಲು ಓದಿ,' ಅಂದಳು ಸಣ್ಣತಾಯಮ್ಮ.

ಅವನು ಗೊಣಗುವ ದನಿಯಲ್ಲಿ, ಬೇಗಬೇಗ ಓದಿದ. ಚಿಕ್ಕಮಾದು ಎಂಬ ನನ್ನ ಗಂಡನನ್ನು ಸದರಿ ಮಂಟಪದವರು ಊಟ ಇಲ್ಲ, ಕೆಲಸ ಇಲ್ಲ ಎಂದು ಹೆದರಿಸಿ ಮಲದ ಗುಂಡಿಗೆ ಇಳಿಸಿ ಸಾಯಿಸಿರುತ್ತಾರೆ. ಸಣ್ಣತಾಯಮ್ಮ ಒಂದೊಂದು ಮಾತಿಗೂ ತಲೆಯಾಡಿಸುತ್ತಾ ಕೇಳಿದಳು. ಮುಗಿದ ಮೇಲೂ ಹೆಬ್ಬೆಟ್ಟು ಚಾಚಲಿಲ್ಲ.

'ಇನ್ನೊಂದ್ಸಲ ಓದಿ.'

'ಸರಿಯಾಗೇ ಬರ್ದಿದ್ದೀನಲ್ಲಮ್ಮ.'

'ಸರಿಯಾಗೈತೆ. ಅದಕ್ಕೇ ಇನ್ನೊಂದ್ಸಲ. ವಸಿ ಗಟ್ಟಿಯಾಗಿ ಓದಿ, ಆ ಕಾರ್‌ನಲ್ಲಿ ಕೂತಿರೋರ್ಗೂ ಕೇಳ್ಲಿ.'

ಕಾನ್‌ಸ್ಟೆಬಲ್ ಅಧಿಕಾರಿಯ ಮುಖ ನೋಡಿದ. ಭಾಗ್ಯಲಕ್ಷ್ಮಿ ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದಳು.

ಅವನು ಗಂಟಲು ಸರಿ ಮಾಡಿಕೊಂಡು ಮೊದಲಿನಿಂದ ಓದಿದ. ಕಾರಿನ ಗಾಜು ಮೇಲೇರಿತು. ಮರದ ಕೆಳಗಿನ ಹೆಂಗಸರು ಎದ್ದು ನಿಂತರು.